ಪ್ಲಾನ್‌ಗೆ ಮೊದಲು ಮನುಷ್ಯನ ಅಳತೆ: ಅಂಗವೈಕಲ್ಯ ಇರುವವರಿಗೆ ಮನೆ ವಿನ್ಯಾಸ ಮಾಡುವುದು ಹೇಗೆ?

ಯಾವ ಆರ್ಕಿಟೆಕ್ಟ್‌ಗಾದರೂ ಒಂದಲ್ಲ ಒಂದು ದಿನ ಇಂಥ ಫೋನ್ ಬಂದೇ ಬರುತ್ತದೆ. "ಅಪ್ಪಂಗೆ ಸ್ಟ್ರೋಕ್ ಆಗಿದೆ, ಬಾತ್‌ರೂಮ್ ಸ್ವಲ್ಪ ಸರಿ ಮಾಡ್ಕೊಡ್ಬೇಕು." ಅಥವಾ, "ಮಗಳು ವೀಲ್‌ಚೇರ್‌ನಲ್ಲಿ ಓಡಾಡೋದು, ಹೊಸ ಮನೆ ಕಟ್ಟಿಸ್ತಿದ್ದೀವಿ." ಇಂಥ ಕೆಲಸವನ್ನು ಒಪ್ಪಿಕೊಳ್ಳುವ ಯುವ ಆರ್ಕಿಟೆಕ್ಟ್‌ಗಳಿಗೆ, ಸಿವಿಲ್ ಎಂಜಿನಿಯರ್‌ಗಳಿಗೆ ಈ ಬರಹ. ಮನೆ ಕಟ್ಟಿಸುವವರು ಓದಿಕೊಂಡರೂ ಒಳ್ಳೆಯದೇ. ಎಂಜಿನಿಯರ್ ಹತ್ತಿರ ಏನು ಕೇಳಬೇಕು ಅನ್ನುವುದು ಗೊತ್ತಾಗುತ್ತದೆ.

2011ರ ಜನಗಣತಿಯಲ್ಲಿ ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರು ಲೆಕ್ಕಕ್ಕೆ ಸಿಕ್ಕಿದ್ದರು. ಆಮೇಲೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಹೆಚ್ಚಿಸಿತು. ಅಳತೆಗಳಿಗೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಇದೆ, ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ 2021ರ ಮಾರ್ಗಸೂಚಿ ಇದೆ. ಎರಡನ್ನೂ ಮೇಜಿನ ಮೇಲೆ ಇಟ್ಟುಕೊಳ್ಳಿ. ಆದರೆ ಒಂದು ಮಾತು ನೆನಪಿರಲಿ. ಬ್ಯಾಂಕಿಗೋ ಆಸ್ಪತ್ರೆಗೋ ಯಾರು ಬರುತ್ತಾರೆ ಅಂತ ಮೊದಲೇ ಗೊತ್ತಿರಲ್ಲ. ಅದಕ್ಕೇ ಅಲ್ಲಿ ಸರಾಸರಿ ಅಳತೆ ಬೇಕು. ಮನೆ ಹಾಗಲ್ಲ. ಅಲ್ಲಿ ಯಾರು ಇರುತ್ತಾರೆ ಅಂತ ನಮಗೆ ಗೊತ್ತು. ಅವರ ಹೆಸರು ಗೊತ್ತು, ಕೈ ಎಲ್ಲಿಯವರೆಗೆ ಹೋಗುತ್ತದೆ ಅಂತ ಅಳೆದು ನೋಡಬಹುದು. ಆ ಅವಕಾಶ ಬಿಟ್ಟು ಪುಸ್ತಕದ ಅಳತೆ ಹಾಕಿದರೆ ಮನೆ ಅವರಿಗೆ ಒಗ್ಗುವುದಿಲ್ಲ.

ಮೊದಲ ಭೇಟಿಗೆ ಟೇಪ್ ಸಾಕು, ಪ್ಲಾನ್ ಬೇಡ

ಮನೆಗೆ ಹೋದಾಗ ಅಮ್ಮ, ಅಣ್ಣ, ಭಾವ ಎಲ್ಲರೂ ಮಾತಾಡುತ್ತಾರೆ. ಯಾರಿಗಾಗಿ ಮನೆಯೋ ಅವರು ಸುಮ್ಮನೆ ಕೂತಿರುತ್ತಾರೆ. ಕುರ್ಚಿ ಎಳೆದುಕೊಂಡು ಅವರ ಎದುರು, ಅವರ ಕಣ್ಣಿನ ಮಟ್ಟಕ್ಕೆ ಕೂತು ಅವರನ್ನೇ ಕೇಳಿ. "ಬೆಳಗ್ಗೆ ಎದ್ದ ಮೇಲೆ ಏನೇನು ಮಾಡ್ತೀರಿ? ಯಾವುದಕ್ಕೆ ಬೇರೆಯವರನ್ನ ಕರೀಬೇಕಾಗುತ್ತೆ? ಅದರಲ್ಲಿ ಯಾವುದನ್ನ ನೀವೇ ಮಾಡ್ಕೋಬೇಕು ಅಂತ ಆಸೆ?" ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದ ಮೇಲೇ ಇಡೀ ಪ್ಲಾನ್ ನಿಲ್ಲುತ್ತದೆ. ಹೆಚ್ಚಿನವರು ಹೇಳುವುದು ಸ್ನಾನ ಮತ್ತು ಶೌಚ. ಕೆಲವರು, "ಗೇಟ್ ತನಕ ನಾನೇ ಹೋಗ್ಬೇಕು" ಅನ್ನುತ್ತಾರೆ.

ಆಮೇಲೆ ಅವರು ಓಡಾಡುವುದನ್ನು ನೋಡಿ. ಗೋಡೆ ಹಿಡಿದು ನಡೆಯುವವರ ಮನೆಯಲ್ಲಿ ಗೋಡೆಯೇ ನಿಮಗೆ ಎಲ್ಲ ಹೇಳುತ್ತದೆ. ಬಚ್ಚಲ ಬಾಗಿಲಿನ ಚೌಕಟ್ಟು, ಫ್ರಿಜ್ಜಿನ ಅಂಚು, ಹಾಲಿನ ಮೂಲೆ, ಇಲ್ಲೆಲ್ಲ ಕೈ ತಾಗಿ ತಾಗಿ ಬಣ್ಣ ಮಾಸಿ ಜಿಡ್ಡುಗಟ್ಟಿರುತ್ತದೆ. ಆ ಗುರುತಿನ ಎತ್ತರ ಅಳೆದು ಬರೆದುಕೊಳ್ಳಿ. ಹಿಡಿದುಕೊಳ್ಳುವ ಕಂಬಿ ಬರಬೇಕಾದದ್ದು ಅಲ್ಲೇ.

ವೀಲ್‌ಚೇರ್ ಇದ್ದರೆ ಅದರ ಅಗಲ, ಉದ್ದ, ದಿಂಬು ಸೇರಿಸಿ ಸೀಟಿನ ಎತ್ತರ, ಕೈ ಹಿಡಿಕೆಯ ಎತ್ತರ ಅಳೆಯಿರಿ. ಕೂತಾಗ ಕೈ ಮುಂದಕ್ಕೆ, ಮೇಲಕ್ಕೆ, ಪಕ್ಕಕ್ಕೆ ಎಷ್ಟು ಹೋಗುತ್ತದೆ ನೋಡಿ. ಯಾವ ಕೈಯಲ್ಲಿ ಬಲ ಜಾಸ್ತಿ ಅಂತ ಕೇಳಿ. ಸ್ಟ್ರೋಕ್ ಆದವರಿಗೆ ಇದು ತುಂಬ ಮುಖ್ಯ. ಬಲ ಇಲ್ಲದ ಕೈ ಕಡೆ ಕಂಬಿ ಹಾಕಿದರೆ ಏನೂ ಉಪಯೋಗವಿಲ್ಲ.

ಇನ್ನೊಂದು ಸಂಗತಿಯನ್ನು ನಮ್ಮವರು ಬಹಳ ಸಲ ಮರೆಯುತ್ತಾರೆ. ನಮ್ಮ ಊರುಗಳಲ್ಲಿ ಎಲ್ಲರೂ ವೀಲ್‌ಚೇರ್ ಬಳಸುವುದಿಲ್ಲ. ಪೋಲಿಯೊ ಆದ ಎಷ್ಟೋ ಮಂದಿ ಮನೆಯೊಳಗೆ ನೆಲದ ಮೇಲೆ ಕೈ ಊರಿಕೊಂಡು ಚುರುಕಾಗಿ ಓಡಾಡುತ್ತಾರೆ, ನೆಲದಲ್ಲೇ ಕೂತು ಅಡುಗೆ ಮಾಡುತ್ತಾರೆ. ಅವರಿಗೆ ಕಮೋಡ್, ಎತ್ತರದ ಕಟ್ಟೆ ಎಲ್ಲ ಹೊಸ ತೊಂದರೆಯೇ. ಅವರಿಗೆ ಸ್ವಿಚ್ ಎರಡು ಅಡಿ ಎತ್ತರದಲ್ಲಿ ಬೇಕು, ಬಾಗಿಲಿಗೆ ಕೆಳಗೆ ಇನ್ನೊಂದು ಹಿಡಿ, ಇನ್ನೊಂದು ಚಿಲಕ ಬೇಕು. ಒರಟು ಟೈಲ್ಸ್ ಹಾಕಿದರೆ ಅಂಗೈ, ಮೊಣಕಾಲು ಕಿತ್ತುಹೋಗುತ್ತವೆ. ರೆಡ್ ಆಕ್ಸೈಡ್‌ನಂಥ ನಯವಾದ ನೆಲ ಅವರಿಗೆ ಒಳ್ಳೆಯದು, ಒಣಗಿ ಇರಬೇಕು ಅಷ್ಟೇ.

ಕೊನೆಗೆ ಮುಂದಿನ ಹತ್ತು ವರ್ಷದ ಬಗ್ಗೆ ಕೇಳಿ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಮಗುವನ್ನು ಇವತ್ತು ಅಮ್ಮ ಎತ್ತಿಕೊಳ್ಳುತ್ತಾರೆ. ಮಗು ಬೆಳೆಯುತ್ತದೆ, ಅಮ್ಮನಿಗೆ ವಯಸ್ಸಾಗುತ್ತದೆ. ಮಸ್ಕ್ಯುಲರ್ ಡಿಸ್ಟ್ರೊಫಿ (ಸ್ನಾಯುಗಳು ಬರಬರುತ್ತಾ ಬಲ ಕಳೆದುಕೊಳ್ಳುವ ಕಾಯಿಲೆ) ಇರುವ ಹುಡುಗ ಇವತ್ತು ನಡೆಯುತ್ತಿರಬಹುದು, ಮುಂದೆ ವೀಲ್‌ಚೇರ್ ಬೇಕಾಗುತ್ತದೆ. ಈ ವಿಷಯದಲ್ಲಿ ನಮ್ಮ ಊಹೆ ಸಾಲದು. ಅವರನ್ನು ನೋಡುವ ಫಿಸಿಯೊಥೆರಪಿಸ್ಟ್ ಅಥವಾ ಆಕ್ಯುಪೇಶನಲ್ ಥೆರಪಿಸ್ಟ್ (ದಿನದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಕಲಿಸುವವರು) ಜೊತೆ ಒಂದು ಸಲ ಕೂತು ಮಾತಾಡಿ. ಬೆಂಗಳೂರಿನಲ್ಲಿ 1959ರಲ್ಲಿ ಎನ್.ಎಸ್. ಹೇಮಾ ಅವರು ಶುರು ಮಾಡಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿಯಂಥ ಸಂಸ್ಥೆಗಳು ಇವೆ. ಅಲ್ಲಿ ಒಂದು ದಿನ ಕಳೆದು ಬಂದರೆ ವೀಲ್‌ಚೇರ್ ಬಗ್ಗೆ ಪುಸ್ತಕಕ್ಕಿಂತ ಜಾಸ್ತಿ ತಿಳಿಯುತ್ತದೆ.

ಗೇಟಿನಿಂದ ಬಾಗಿಲ ತನಕ

ರ‍್ಯಾಂಪ್ ಅಂದರೆ ಒಂದು ಇಂಚು ಎತ್ತರಕ್ಕೆ ಕನಿಷ್ಠ ಹನ್ನೆರಡು ಇಂಚು ಉದ್ದ. ಇದು ಎಲ್ಲರಿಗೂ ಗೊತ್ತು. ಆದರೆ ಲೆಕ್ಕ ಹಾಕಿ ನೋಡುವವರು ಕಡಿಮೆ. ಬೆಂಗಳೂರಿನ 30×40 ಸೈಟನ್ನೇ ತೆಗೆದುಕೊಳ್ಳಿ. ರೋಡಿನಿಂದ ಮನೆಯ ನೆಲ ಎರಡು ಅಡಿ ಮೇಲಿದ್ದರೆ ಬರೀ ಇಳಿಜಾರಿಗೇ 24 ಅಡಿ ಬೇಕು. ನಡುವೆ ಸುಧಾರಿಸಿಕೊಳ್ಳಲು 5 ಅಡಿ ಸಮತಟ್ಟು ಜಾಗ, ಮೇಲೊಂದು 5 ಅಡಿ, ಕೆಳಗೊಂದು 5 ಅಡಿ. ಒಟ್ಟು 39 ಅಡಿ. ಸೈಟಿನ ಉದ್ದವೆಲ್ಲ ಅಲ್ಲೇ ಮುಗಿಯಿತು! ಪಕ್ಕದ ಸೆಟ್‌ಬ್ಯಾಕ್ (ಮನೆಗೂ ಕಾಂಪೌಂಡಿಗೂ ನಡುವೆ ಬಿಡುವ ಜಾಗ) ಮೂರು ಅಡಿ ಇದ್ದರೆ ಅಲ್ಲಿ ಕಂಬಿ ಹಾಕಿ ತಿರುಗಿಸಲೂ ಆಗಲ್ಲ.

ಹಾಗಾಗಿ ರ‍್ಯಾಂಪ್ ಬರೆಯುವ ಮೊದಲು ಪ್ಲಿಂತ್, ಅಂದರೆ ನೆಲದಿಂದ ಎತ್ತರಿಸಿ ಕಟ್ಟುವ ಮನೆಯ ಪಾಯ, ಯಾಕೆ ಇಷ್ಟು ಎತ್ತರ ಅಂತ ಕೇಳಿ. ಡಾಂಬರು ಹಾಕಿದಾಗಲೆಲ್ಲ ರಸ್ತೆ ಮೇಲೇರುತ್ತದೆ, ಮಳೆ ನೀರು ಒಳಗೆ ನುಗ್ಗುತ್ತದೆ ಅನ್ನುವ ಭಯ ನಿಜವಾದದ್ದೇ. ತಗ್ಗು ಜಾಗದಲ್ಲಿ ಆ ಮಾತನ್ನು ತಳ್ಳಿಹಾಕುವಂತಿಲ್ಲ. ಎತ್ತರದ ಜಾಗವಾದರೆ ಪ್ಲಿಂತನ್ನು ಒಂದಡಿಗೆ ಇಳಿಸಬಹುದು. ಗೇಟಿನಲ್ಲಿ ಒಂದು, ಬಾಗಿಲ ಮುಂದೆ ಒಂದು ಜಾಲರಿ ಮುಚ್ಚಿದ ಚರಂಡಿ ಕೊಡಿ. ಕಾರ್ ಪಾರ್ಕಿಂಗ್ ನೆಲವನ್ನೇ 20 ಅಡಿಯಲ್ಲಿ ಒಂದಡಿ ಏರುವಂತೆ ಮಾಡಿದರೆ ಅದೇ ರ‍್ಯಾಂಪ್ ಆಯಿತು. ಬೇರೆ ಜಾಗವೂ ಬೇಡ. ಅಷ್ಟು ನಿಧಾನದ ಏರನ್ನು ತಾನೇ ಗಾಲಿ ತಳ್ಳುವವರು ಆರಾಮಾಗಿ ಹತ್ತುತ್ತಾರೆ. ಹನ್ನೆರಡು ಇಂಚಿಗೆ ಒಂದು ಇಂಚು ಏರುವ 1:12ರಲ್ಲಿ ಭುಜಕ್ಕೆ ಬೀಳುವ ಶ್ರಮ ಏನು ಅಂತ ನೀವೇ ಒಂದು ಸಲ ವೀಲ್‌ಚೇರ್‌ನಲ್ಲಿ ಕೂತು ತಳ್ಳಿ ನೋಡಿ. ಬಲ ಕಡಿಮೆ ಇರುವವರಿಗೆ ಅದು ಕಡಿದಾಯಿತು.

ಎಷ್ಟು ಮಾಡಿದರೂ ರ‍್ಯಾಂಪ್ ಕೂರದಿದ್ದರೆ ಸಣ್ಣ ಪ್ಲಾಟ್‌ಫಾರ್ಮ್ ಲಿಫ್ಟ್ (ವೀಲ್‌ಚೇರ್ ಸಮೇತ ಮೇಲೆತ್ತುವ ಹಲಗೆ) ಇದೆ. ಆದರೆ ಗೇಟಿನ ಹೊರಗೆ ಫುಟ್‌ಪಾತ್ ಮೇಲೆ ಇಳಿಜಾರು ಚಾಚಬೇಡಿ. ಅದೇ ಬೀದಿಯ ಇನ್ನೊಬ್ಬ ವೀಲ್‌ಚೇರ್‌ನವರಿಗೆ, ಕಣ್ಣು ಕಾಣದವರಿಗೆ ಅದೇ ಅಡ್ಡಿ.

ರ‍್ಯಾಂಪಿಗೆ ಸುಟ್ಟು ಒರಟು ಮಾಡಿದ ಸಾದರಹಳ್ಳಿ ಕಲ್ಲು (ಬೂದು ಬಣ್ಣದ ಗ್ರಾನೈಟ್) ಚೆನ್ನಾಗಿರುತ್ತದೆ. ಪಾಲಿಶ್ ಗ್ರಾನೈಟ್ ಬೇಡವೇ ಬೇಡ. ಕಾರ್ ಜಾರದಿರಲಿ ಅಂತ ಸಿಮೆಂಟಿನಲ್ಲಿ ಎಳೆಯುವ ಆಳದ ಗೆರೆಗಳೂ ಬೇಡ, ವೀಲ್‌ಚೇರ್‌ನ ಮುಂದಿನ ಪುಟ್ಟ ಗಾಲಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಚಿಗೆ ಮೂರು ನಾಲ್ಕು ಇಂಚು ಎತ್ತರದ ತಡೆ ಇರಲಿ. ಎರಡೂ ಕಡೆ ಕಂಬಿ ಇರಲಿ. ಮಲೆನಾಡು, ಕರಾವಳಿಯಲ್ಲಾದರೆ ರ‍್ಯಾಂಪಿನ ಮೇಲೆ ಸೂರು ಕಡ್ಡಾಯ. ಮಳೆಗಾಲದಲ್ಲಿ ಪಾಚಿ ಕಟ್ಟಿದರೆ ಯಾವ ಒರಟು ಕಲ್ಲೂ ಕಾಪಾಡುವುದಿಲ್ಲ.

ಸರ್ಕಾರ ಕೊಡುವ ಪಕ್ಕದ ಚಕ್ರಗಳ ಸ್ಕೂಟರ್ ಇದ್ದರೆ ಅದಕ್ಕೂ ಸೂರಿನಡಿ ಜಾಗ ಬೇಕು. ಅದರ ಪಕ್ಕ ವೀಲ್‌ಚೇರ್ ನಿಲ್ಲಿಸಿ ಸೀಟಿಗೆ ಜರುಗುವಷ್ಟು ಜಾಗವೂ ಬೇಕು. ಗೇಟಿನ ಚಿಕ್ಕ ಬಾಗಿಲಿನ ಅಗಲವನ್ನು ಈ ಸ್ಕೂಟರ್ ಅಳೆದೇ ಬರೆಯಿರಿ.

ಹೊಸ್ತಿಲು ಮತ್ತು ಬಾಗಿಲು

ಹೊಸ್ತಿಲು ತೆಗೆಯಿರಿ ಅಂದರೆ ಮನೆಯ ಹಿರಿಯರಿಗೆ ಬೇಸರವಾಗುತ್ತದೆ. ದಿನಾ ಅರಿಶಿನ ಕುಂಕುಮ ಹಚ್ಚಿ ರಂಗೋಲಿ ಎಳೆಯುವ ಜಾಗ ಅದು. ತೆಗೆಯುವ ಅಗತ್ಯವೂ ಇಲ್ಲ. ತೇಗದ ಹೊಸ್ತಿಲನ್ನು ಇಟ್ಟು, ಅದರ ಮೇಲ್ಮೈ ನೆಲದ ಮಟ್ಟಕ್ಕೇ ಬರುವಂತೆ ಕೂರಿಸಿ. ಮರ ಹಾಗೇ ಕಾಣುತ್ತದೆ, ಪೂಜೆಗೆ ಅಡ್ಡಿ ಇಲ್ಲ, ಗಾಲಿಗೂ ಅಡ್ಡಿ ಇಲ್ಲ. ನೀರು ಬರುತ್ತದೆ ಅನ್ನುವ ಕಡೆ ಅರ್ಧ ಇಂಚು ಎತ್ತರಿಸಿ, ಎರಡೂ ಬದಿ ಇಳಿಜಾರಾಗಿ ಹೆರೆಸಿ. ಅದಕ್ಕಿಂತ ಜಾಸ್ತಿ ಬೇಡ. ದೇವರಕೋಣೆಗೂ ಇದೇ ಮಾತು. ಎರಡೂವರೆ ಅಡಿ ಬಾಗಿಲು, ಎರಡು ಮೆಟ್ಟಿಲು ಹಾಕಿದರೆ ಆ ಮನೆಯ ಮಗಳು ಒಂದು ದಿನವೂ ತಾನೇ ದೀಪ ಹಚ್ಚಲಾರಳು.

ಬಾಗಿಲಿನ ಅಗಲದಲ್ಲಿ ಒಂದು ಮೋಸವಿದೆ. "ಮೂರಡಿ ಬಾಗಿಲು" ಅಂದರೆ ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ಗೋಡೆಯಲ್ಲಿ ಬಿಡುವ ಜಾಗ. ಚೌಕಟ್ಟು, ಬಾಗಿಲಿನ ದಪ್ಪ ಕಳೆದರೆ ಉಳಿಯುವುದು ಸುಮಾರು 30 ಇಂಚು. ಬಚ್ಚಲಿನ ಎರಡೂವರೆ ಅಡಿ ಬಾಗಿಲಲ್ಲಿ ಉಳಿಯುವುದು 24 ಇಂಚಿನ ಆಸುಪಾಸು. ಸಾಮಾನ್ಯ ವೀಲ್‌ಚೇರ್ 25ರಿಂದ 27 ಇಂಚು ಅಗಲ. ಅಂದಮೇಲೆ ಒಳಗೆ ಹೋಗುವುದು ಹೇಗೆ? ಮಾರ್ಗಸೂಚಿ ಹೇಳುವ 900 ಮಿಲಿಮೀಟರ್ ಅಂದರೆ ಬಾಗಿಲು ತೆರೆದ ಮೇಲೆ ಸಿಗುವ ಜಾಗ. ಅದಕ್ಕೆ ಗೋಡೆಯಲ್ಲಿ ಮೂರೂವರೆ ಅಡಿ ಬಿಡಬೇಕು. ಡ್ರಾಯಿಂಗ್‌ನಲ್ಲಿ ಎರಡೂ ಅಳತೆ ಬೇರೆ ಬೇರೆ ಬರೆಯಿರಿ.

ಬಚ್ಚಲು: ಹೆಚ್ಚು ಹೊತ್ತು ಯೋಚಿಸಬೇಕಾದ ಜಾಗ

ಒಬ್ಬ ಮನುಷ್ಯನ ಮಾನ ಇರುವುದು ಇಲ್ಲಿ. ಐವತ್ತು ವರ್ಷದ ಮಗನನ್ನು ಎಂಬತ್ತು ವರ್ಷದ ತಾಯಿ ಸ್ನಾನ ಮಾಡಿಸುವ ಮನೆಗಳು ನಮ್ಮಲ್ಲಿ ಇವೆ. ಬಚ್ಚಲು ಸರಿಯಾಗಿದ್ದರೆ ಅವರಲ್ಲಿ ಎಷ್ಟೋ ಜನ ತಾವೇ ಮಾಡಿಕೊಳ್ಳಬಲ್ಲರು. ದುಡ್ಡು ಕಡಿಮೆ ಇದ್ದರೆ ಉಳಿದದ್ದನ್ನೆಲ್ಲ ಮುಂದಕ್ಕೆ ಹಾಕಿ, ಇದೊಂದನ್ನು ಸರಿಯಾಗಿ ಮಾಡಿ.

4×7 ಅಡಿಯ ಬಚ್ಚಲಲ್ಲಿ ವೀಲ್‌ಚೇರ್ ತಿರುಗುವುದಿಲ್ಲ. ತಿರುಗಲು 5 ಅಡಿ ಅಗಲದ ವೃತ್ತ ಬೇಕು. ಕಡಿಮೆಯೆಂದರೂ ಆರೂವರೆ ಅಡಿ ಅಗಲ, ಏಳೂಕಾಲು ಅಡಿ ಉದ್ದದ ಜಾಗ ತೆಗೆಯಿರಿ. ಬಾಗಿಲು ಹೊರಗೆ ತೆರೆಯಲಿ, ಇಲ್ಲವೇ ಜಾರುವ ಬಾಗಿಲಿರಲಿ. ಒಳಗೆ ತೆರೆಯುವ ಬಾಗಿಲ ಹಿಂದೆ ಯಾರಾದರೂ ಬಿದ್ದರೆ ತೆಗೆಯಲು ಆಗುವುದಿಲ್ಲ. ಚಿಲಕವೂ ಹೊರಗಿನಿಂದ ತೆಗೆಯುವಂಥದ್ದಿರಲಿ.

ಇನ್ನು ನೆಲ. ಬಚ್ಚಲು ಹಾಲಿಗಿಂತ ಒಂದು ಇಂಚು ಕೆಳಗೆ, ಬಾಗಿಲಿಗೊಂದು ಗ್ರಾನೈಟ್ ಪಟ್ಟಿ, ಇದು ನಮ್ಮ ಮೇಸ್ತ್ರಿಗಳ ಕೈಗೆ ಕೂತ ಅಭ್ಯಾಸ. ನೀವು ಹೇಳದೇ ಇದ್ದರೆ ಹಾಗೇ ಮಾಡುತ್ತಾರೆ. ಹೇಳಿದರೂ, "ನೀರು ಆಚೆ ಬರುತ್ತೆ ಸಾರ್" ಅನ್ನುತ್ತಾರೆ. ಅವರ ಮಾತಿನಲ್ಲೂ ಅರ್ಥವಿದೆ. ಬಾಗಿಲಿನಿಂದ ಒಳಕ್ಕೆ 60ಕ್ಕೆ 1ರಂತೆ ಇಳಿಜಾರು ಕೊಟ್ಟು, ಸ್ನಾನದ ಮೂಲೆಗೆ ಉದ್ದನೆಯ ಚಾನೆಲ್ ಡ್ರೈನ್ ಹಾಕಿ. ಬಾಗಿಲಲ್ಲೂ ಸಣ್ಣದೊಂದು ಡ್ರೈನ್ ಕೊಡಿ. ಇಷ್ಟಾದರೆ ನೀರು ಹೊರಗೆ ಬರುವುದಿಲ್ಲ. ಇದನ್ನು ತೀರ್ಮಾನಿಸಬೇಕಾದದ್ದು ಟೈಲ್ಸ್ ಹಾಕುವಾಗ ಅಲ್ಲ, ಸ್ಲ್ಯಾಬ್ ಹಾಕುವಾಗ. ಬಚ್ಚಲಿನ ಸ್ಲ್ಯಾಬ್ ಎಷ್ಟು ಇಳಿಸಬೇಕು ಅಂತ ಆಗಲೇ ಗೊತ್ತಿರಬೇಕು.

ಗ್ರ್ಯಾಬ್ ಬಾರ್, ಅಂದರೆ ಹಿಡಿದುಕೊಳ್ಳುವ ಕಂಬಿ, ಹಾಕುವ ಗೋಡೆಯೂ ಹಾಗೆಯೇ. ಟೊಳ್ಳು ಬ್ಲಾಕ್, ಒಳಗೆ ಗಾಳಿಗುಳ್ಳೆ ಇರುವ ಹಗುರ ಎಎಸಿ ಬ್ಲಾಕ್‌ಗಳಿಗೆ ಸಾಮಾನ್ಯ ಸ್ಕ್ರೂ ಹಾಕಿದರೆ ಒಂದು ದಿನ ಕಿತ್ತು ಬರುತ್ತದೆ. ಕಂಬಿ ಬರುವ ಎತ್ತರದಲ್ಲಿ ಗೋಡೆಯೊಳಗೆ ಕಾಂಕ್ರೀಟ್ ಪಟ್ಟಿ ಹಾಕಿಸಿ. ಈಗ ಬೇಡದಿದ್ದರೂ ಮೂರೂ ಗೋಡೆಗೆ ಹಾಕಿಸಿಬಿಡಿ. ಟೈಲ್ಸ್ ಅಂಟಿಸುವ ಮೊದಲು ಟೇಪ್ ಹಿಡಿದು ಫೋಟೊ ತೆಗೆದು ಮನೆಯವರಿಗೆ ಕೊಡಿ. ಕಂಬಿ ಒಂದೂವರೆ ಇಂಚು ದಪ್ಪ, ಗೋಡೆಗೂ ಅದಕ್ಕೂ ಒಂದೂವರೆ ಇಂಚು ಸಂದು. ಟವೆಲ್ ರಾಡ್‌ಗಳನ್ನು ಅದರ ಹತ್ತಿರ ಇಡಬೇಡಿ. ಜಾರಿದಾಗ ಕೈ ಸಿಕ್ಕಿದ್ದನ್ನು ಹಿಡಿಯುತ್ತದೆ.

ಕಮೋಡಿನ ಎತ್ತರ ವೀಲ್‌ಚೇರ್ ಸೀಟಿನ ಎತ್ತರಕ್ಕೆ ಸಮ ಇರಬೇಕು. ಗೋಡೆಗೆ ಕೂರಿಸುವ ಕಮೋಡ್ ಆದರೆ ಬೇಕಾದ ಎತ್ತರಕ್ಕೆ ಹಾಕಬಹುದು. ಒಂದು ಪಕ್ಕ ಗೋಡೆ ಮತ್ತು ಕಂಬಿ, ಇನ್ನೊಂದು ಪಕ್ಕ ಮೂರಡಿ ಖಾಲಿ. ವೀಲ್‌ಚೇರ್ ಆ ಖಾಲಿ ಜಾಗಕ್ಕೆ ಬಂದು ನಿಲ್ಲುತ್ತದೆ. ಆ ಕಡೆಗೆ ಮೇಲೆ ಮಡಚುವ ಕಂಬಿ ಹಾಕಿ. ಎಡವೋ ಬಲವೋ ಅಂತ ಅವರನ್ನೇ ಕೇಳಿ.

ಹೊರದೇಶದ ಪುಸ್ತಕಗಳಲ್ಲಿ ಸ್ನಾನ ಅಂದರೆ ಶವರ್ ಅಥವಾ ಟಬ್. ನಮ್ಮ ಮನೆಗಳಲ್ಲಿ ಬಕೆಟ್ ಮತ್ತು ಚೊಂಬು. ಕುರ್ಚಿಯ ಮೇಲೆ ಕೂತವರು ನೆಲದ ಮೇಲಿನ ಬಕೆಟ್ಟಿನ ತಳದಿಂದ ನೀರು ಮೊಗೆಯಲು ಬಗ್ಗಿದರೆ ಮುಂದಕ್ಕೆ ಮುಗ್ಗರಿಸುತ್ತಾರೆ. ಬಕೆಟ್ಟಿಗೆ ಒಂದಡಿ ಎತ್ತರದ ಪುಟ್ಟ ಕಟ್ಟೆ ಕಟ್ಟಿಸಿ, ನಲ್ಲಿಯನ್ನು ಅದಕ್ಕೆ ತಕ್ಕಂತೆ ಮೇಲೆ ಕೊಡಿ. ಖರ್ಚು ಅತಿ ಕಡಿಮೆ, ಉಪಯೋಗ ದಿನಾ. ಕೈಯಲ್ಲಿ ಹಿಡಿಯುವ ಶವರ್ ಕೂಡ ಇರಲಿ. ಬೆನ್ನುಹುರಿಗೆ ಪೆಟ್ಟಾದವರಿಗೆ ಕಾಲಿನಲ್ಲಿ ಬಿಸಿ ಗೊತ್ತಾಗುವುದಿಲ್ಲ. ಸುಟ್ಟುಕೊಂಡ ಮೇಲೆಯೇ ತಿಳಿಯುವುದು. ಗೀಸರಿನ ಬಿಸಿ ಮಿತಿಯಲ್ಲಿಡಿ, ಸಾಧ್ಯವಾದರೆ ತಾನೇ ಬಿಸಿ ಹದ ಮಾಡುವ ಥರ್ಮೋಸ್ಟಾಟಿಕ್ ನಲ್ಲಿ ಹಾಕಿಸಿ. ವಾಶ್‌ಬೇಸಿನ್ ಕೆಳಗಿನ ಬಿಸಿನೀರಿನ ಪೈಪಿಗೂ ಹೊದಿಕೆ ಸುತ್ತಿಸಿ.

ಅಡುಗೆಮನೆ

ಕೂತು ಅಡುಗೆ ಮಾಡುವವರಿಗೆ ಕಟ್ಟೆ 30–31 ಇಂಚು ಎತ್ತರ ಸಾಕು. ಅದರ ಕೆಳಗೆ ಮೊಣಕಾಲು ತೂರುವಷ್ಟು, ಅಂದರೆ 27 ಇಂಚು ಎತ್ತರದ ಖಾಲಿ ಜಾಗ ಬೇಕು. ಗ್ರಾನೈಟ್ ಕಟ್ಟೆಯನ್ನು ಹೊರಲು ಅಲ್ಲಲ್ಲಿ ನಿಲ್ಲಿಸುವ ಕಡಪ ಕಲ್ಲುಗಳು ಇಲ್ಲಿ ಕಾಲಿಗೆ ಅಡ್ಡ. ಬದಲಿಗೆ ಗೋಡೆಗೆ ಸ್ಟೀಲ್ ಬ್ರಾಕೆಟ್ ಹಾಕಿಸಿ. ಗ್ಯಾಸ್ ಒಲೆ ಇಟ್ಟ ಮೇಲೆ ಎತ್ತರ ಇನ್ನೂ ನಾಲ್ಕೈದು ಇಂಚು ಏರುತ್ತದೆ, ಅದರ ಮೇಲೆ ಪಾತ್ರೆ. ಹಾಗಾಗಿ ಒಲೆಯ ಕೆಳಗಿನ ಕಟ್ಟೆಯನ್ನು ಅಷ್ಟು ಇಳಿಸಿ. ಸಿಂಕ್ ಐದಾರು ಇಂಚು ಆಳ ಇದ್ದರೆ ಸಾಕು.

ನೆಲದಲ್ಲೇ ಕೂತು ಅಡುಗೆ ಮಾಡುವವರಿಗೆ ಗ್ಯಾಸ್ ಒಲೆ ಕೆಳಗೆ ಇಡಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡುತ್ತದೆ. ಒಲೆ ಯಾವಾಗಲೂ ಸಿಲಿಂಡರಿಗಿಂತ ಮೇಲಿರಬೇಕು. ಅವರಿಗೆ ಗಿಡ್ಡ ಕಟ್ಟೆಯ ಮೇಲೆ ಇಂಡಕ್ಷನ್ ಒಲೆ ಕೊಡುವುದೇ ಸರಿ.

ಮಂಚ, ಸ್ವಿಚ್, ಮಹಡಿ

ಮಂಚವೂ ವೀಲ್‌ಚೇರ್ ಸೀಟಿನಷ್ಟೇ ಎತ್ತರ ಇರಲಿ. ಕೆಳಗೆ ಪೆಟ್ಟಿಗೆ ಇರುವ ಮಂಚ ಬೇಡ. ಎತ್ತಿ ಕೂರಿಸುವ ಹಾಯ್ಸ್ಟ್ ಯಂತ್ರದ ಕಾಲುಗಳು ಮಂಚದಡಿ ಹೋಗಬೇಕು. ಹೊಸ ಮನೆಯಾದರೆ ಸ್ಲ್ಯಾಬ್ ಹಾಕುವಾಗ ಫ್ಯಾನ್ ಕೊಕ್ಕೆಯ ಜೊತೆಗೇ, ಮಂಚದ ಮೇಲೆ ಮುಂದೆ ಹಾಯ್ಸ್ಟ್ ತೂಗಿಸಲು ಗಟ್ಟಿ ಕೊಕ್ಕೆಗಳನ್ನು ಸ್ಟ್ರಕ್ಚರಲ್ ಎಂಜಿನಿಯರ್ ಕೇಳಿ ಬಿಡಿಸಿ.

ಸ್ವಿಚ್‌ಗಳು ಮೂರರಿಂದ ಮೂರೂವರೆ ಅಡಿಯಲ್ಲಿ, ಪ್ಲಗ್‌ಗಳು ನೆಲದಿಂದ ಒಂದೂವರೆ ಅಡಿ ಮೇಲೆ. ಬಾಗಿಲ ತಲೆಯ ಮೇಲೆ ಹಾಕುವ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಪೆಟ್ಟಿಗೆಯನ್ನೂ ನಾಲ್ಕು ಅಡಿಗೆ ಇಳಿಸಿ. ಲಿಫ್ಟ್, ಮೋಟರಿನಿಂದ ಗಾಳಿ ತುಂಬುವ ಹಾಸಿಗೆ ಇದ್ದರೆ ಯುಪಿಎಸ್‌ಗೆ ಜೋಡಿಸಲೇಬೇಕು.

ಲಿಫ್ಟಿಗೆ ಈಗ ದುಡ್ಡಿಲ್ಲ ಅಂದರೂ ಜಾಗ ಬಿಡಿ. ವೀಲ್‌ಚೇರ್‌ಗೆ ಲಿಫ್ಟಿನ ಒಳಗೆ 1100×1400 ಮಿಲಿಮೀಟರ್ ಬೇಕು. ಪ್ರತಿ ಮಹಡಿಯಲ್ಲೂ ಒಂದರ ಮೇಲೊಂದು ಬರುವಂತೆ ಸ್ಟೋರ್ ರೂಮ್ ಮಾಡಿ, ಅಷ್ಟು ಭಾಗದ ಸ್ಲ್ಯಾಬನ್ನು ಮುಂದೆ ಒಡೆಯುವಂತೆ ಬೇರೆಯಾಗಿ ಹಾಕಿಸಿ. ಇಲ್ಲವಾದರೆ ನೆಲಮಹಡಿ ಬಾಡಿಗೆಗೆ ಕೊಟ್ಟು ಮೇಲೆ ಇರುವ ಯೋಚನೆಯನ್ನೇ ಬಿಡಲು ಹೇಳಿ.

ಕಣ್ಣು, ಕಿವಿ, ಮನಸ್ಸು

ಕಣ್ಣು ಕಾಣದವರಿಗೆ ನಮ್ಮ ಮನೆಗಳಲ್ಲಿ ದೊಡ್ಡ ಅಪಾಯ ಅಂದರೆ ಓಣಿಗೆ ತೆರೆದುಕೊಂಡಿರುವ ಕಿಟಕಿ ಬಾಗಿಲುಗಳು. ಸರಿಯಾಗಿ ಹಣೆಗೇ ಬಡಿಯುತ್ತವೆ. ಓಡಾಡುವ ಕಡೆ ಜಾರುವ ಕಿಟಕಿ ಹಾಕಿ. ಮೆಟ್ಟಿಲ ಕೆಳಗಿನ ತಗ್ಗು ಜಾಗವನ್ನು ಮುಚ್ಚಿ. ಮಂದ ದೃಷ್ಟಿಯವರಿಗೆ ಬಿಳಿ ಗೋಡೆ, ಬಿಳಿ ನೆಲ, ಬಿಳಿ ಕಮೋಡ್ ಎಲ್ಲ ಒಂದೇ ಥರ ಕಾಣುತ್ತವೆ. ಕಮೋಡಿನ ಹಿಂದೆ ಗಾಢ ಬಣ್ಣದ ಟೈಲ್ಸ್, ಪ್ರತಿ ಮೆಟ್ಟಿಲ ಅಂಚಿಗೆ ಬೇರೆ ಬಣ್ಣದ ಪಟ್ಟಿ ಹಾಕಿ. ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಕಣ್ಣು ಕುಕ್ಕುತ್ತದೆ.

ಕಿವಿ ಕೇಳದವರಿಗೆ ಕಾಲಿಂಗ್ ಬೆಲ್ ಒತ್ತಿದಾಗ ಎಲ್ಲ ಕೋಣೆಯಲ್ಲೂ ದೀಪ ಮಿನುಗಬೇಕು. ಅಡುಗೆಮನೆಯಿಂದ ಹಾಲ್ ಮತ್ತು ಬಾಗಿಲು ಕಾಣುವಂತಿದ್ದರೆ ಸನ್ನೆಯಲ್ಲೇ ಮಾತು ನಡೆಯುತ್ತದೆ. ಆಟಿಸಂ ಇರುವ ಮಗುವಿನ ಮನೆಯಲ್ಲಿ ಮಿಕ್ಸಿ, ಎಕ್ಸಾಸ್ಟ್ ಫ್ಯಾನ್ ಸದ್ದಿನಿಂದ ದೂರ ಒಂದು ಶಾಂತ ಮೂಲೆ ಬೇಕು, ಗ್ಯಾಸಿಗೆ ಮಗುವಿನ ಕೈಗೆ ಸಿಗದ ಕಡೆ ವಾಲ್ವ್ ಬೇಕು.

ಸೈಟಿನಲ್ಲಿ

ಪಾಯ ತೋಡುವ ಮೊದಲು ಬಚ್ಚಲು, ಅಡುಗೆಮನೆ, ಮಲಗುವ ಕೋಣೆಯನ್ನು ಸಮತಟ್ಟಾದ ಜಾಗದಲ್ಲಿ ಸುಣ್ಣದ ಪುಡಿಯಲ್ಲಿ ನಿಜ ಅಳತೆಗೆ ಎಳೆಸಿ. ಕಮೋಡ್ ಇರುವ ಕಡೆ ಕುರ್ಚಿ, ಮಂಚದ ಕಡೆ ಬೆಂಚು ಇಡಿ. ವೀಲ್‌ಚೇರ್ ತರಿಸಿ ಅವರೇ ಓಡಾಡಿ ನೋಡಲಿ. ಕಾಗದದ ಮೇಲೆ ಸರಿ ಇದ್ದದ್ದು ಅಲ್ಲಿ ಗಾಲಿಗೆ ಸಿಕ್ಕಿಕೊಳ್ಳುತ್ತದೆ. ಆ ಹೊತ್ತಿಗೆ ಗೆರೆ ಅಳಿಸಿ ಜರುಗಿಸಿದರೆ ಸಾಕು, ಗೋಡೆ ಒಡೆಯಬೇಕಿಲ್ಲ. ಮೇಸ್ತ್ರಿ, ಬಡಗಿ, ಪ್ಲಂಬರ್, ಎಲೆಕ್ಟ್ರಿಶಿಯನ್ ನಾಲ್ವರೂ ಅವತ್ತು ಅಲ್ಲಿರಲಿ. ಯಾಕೆ ಹೀಗೆ ಅಂತ ಕಣ್ಣಾರೆ ನೋಡಿದ ಮೇಸ್ತ್ರಿ ಆಮೇಲೆ ಗ್ರಾನೈಟ್ ಪಟ್ಟಿ ಹಾಕುವುದಿಲ್ಲ.

ಬಾಡಿಗೆ ಮನೆಯವರು ಕೇಳಿದರೆ ಇಷ್ಟೆಲ್ಲ ಆಗದು. ತೆಗೆದಿಡುವ ರ‍್ಯಾಂಪ್, ಬಕೆಟ್ ಕಟ್ಟೆಯ ಬದಲು ಗಟ್ಟಿ ಸ್ಟೂಲ್, ಕಮೋಡಿನ ಮೇಲೆ ಕೂರಿಸುವ ಎತ್ತರದ ಸೀಟು, ಮಾಲೀಕರ ಒಪ್ಪಿಗೆ ಪಡೆದು ಎರಡು ಗ್ರ್ಯಾಬ್ ಬಾರ್, ಇಷ್ಟರಲ್ಲೇ ದಿನ ಸುಧಾರಿಸುತ್ತದೆ. ಇಂಥ ಸಣ್ಣ ಕೆಲಸವನ್ನು ಬೇಡ ಅನ್ನಬೇಡಿ.

ಮನೆ ಮುಗಿದ ಮೇಲೆ ಮೊದಲು ಪ್ರತಿ ಗ್ರ್ಯಾಬ್ ಬಾರ್ ಹಿಡಿದು ನಿಮ್ಮ ಇಡೀ ಭಾರ ಬಿಟ್ಟು ಜಗ್ಗಿ ನೋಡಿ. ಬಚ್ಚಲಿಗೆ ನಾಲ್ಕು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ. ಆಮೇಲೆ ಮನೆಯವರನ್ನೆಲ್ಲ ಹೊರಗೆ ಕೂರಿಸಿ, ಯಾರ ಮನೆಯೋ ಅವರೊಬ್ಬರೇ ಗೇಟಿನಿಂದ ಒಳಗೆ ಬಂದು, ದೀಪ ಹಾಕಿ, ಬಚ್ಚಲಿಗೆ ಹೋಗಿ, ಕಾಫಿ ಮಾಡಿ, ಮಂಚಕ್ಕೆ ಜರುಗಲಿ. ನೀವು ಕರೆದರೆ ಕೇಳುವಷ್ಟು ದೂರದಲ್ಲಿರಿ. ಎಲ್ಲಿ ತಡೆಯಿತು ಅಂತ ಅವರೇ ಹೇಳಲಿ, ಬರೆದುಕೊಳ್ಳಿ. ಆ ಪಟ್ಟಿಯಲ್ಲಿ ಇದ್ದದ್ದೆಲ್ಲ ಸರಿಹೋದ ಮೇಲೆಯೇ ಗುತ್ತಿಗೆದಾರರ ಕೊನೆಯ ಬಿಲ್ಲಿಗೆ ಸಹಿ ಹಾಕಿ.